ಮರಿ ಬಿಟ್ಟು ದೊಡ್ಡ ಮೀನು ಹಿಡಿಯಲು ಬಲೆಯ ಕಣ್ಣಿನ ಲೆಕ್ಕ

ಆರು ತಿಂಗಳ ಕಬ್ಬನ್ನು ಕಡಿದು ಫ್ಯಾಕ್ಟರಿಗೆ ಕಳಿಸುವವರು ನಮ್ಮ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಕಡೆ ಯಾರೂ ಇಲ್ಲ. ಅದೇ ರೈತರು ಹೊಳೆ ದಂಡೆಗೆ ಬಂದರೆ ಅಂಗೈಯಗಲದ ಕಾಟ್ಲಾ, ರೋಹು ಮರಿಗಳನ್ನು ಬುಟ್ಟಿಗಟ್ಟಲೆ ಎತ್ತುತ್ತೇವೆ. ಸಂತೆಯಲ್ಲಿ ಅದಕ್ಕೆ ದೊಡ್ಡ ಮೀನಿನ ರೇಟೂ ಸಿಗುವುದಿಲ್ಲ. ಒಂದು ಕಿಲೋ ಆಗಲು 200 ಗ್ರಾಮಿನ ಐದು ಮರಿ ಬೇಕು. ಹೊಟ್ಟೆ ತುಂಬ ಮೇವು ಸಿಕ್ಕರೆ ಕಾಟ್ಲಾ ಮೊದಲ ವರ್ಷದಲ್ಲೇ ಕಿಲೋ ಸಮೀಪ ಬರುತ್ತದೆ. ಐದರಲ್ಲಿ ಎರಡು ಸತ್ತರೂ ಉಳಿದ ಮೂರು ಎಷ್ಟು ತೂಗಿಯಾವು, ಲೆಕ್ಕ ಹಾಕಿ.

ನಾನು ಬೀಳಗಿ ತಾಲೂಕಿನವ. ಆಲಮಟ್ಟಿ ಹಿನ್ನೀರಿಗೆ ಹೊಲದ ಒಂದು ಭಾಗ ಹೋಯ್ತು. ಉಳಿದದ್ದರಲ್ಲಿ ಜೋಳ, ಕಡಲೆ, ಒಂದಿಷ್ಟು ಕಬ್ಬು. ಇಲಾಖೆಯ ಪರವಾನಗಿ ಮಾಡಿಸಿಕೊಂಡು ಊರಿನ ಅಂಬಿಗರ ಜತೆ ಬಲೆ ಬಿಡುತ್ತೇನೆ. ಇಲ್ಲಿ ಬರೆಯುವುದು ಅವರಿಂದ ಕಲಿತದ್ದು, ಬಲೆ ಎತ್ತುತ್ತಾ ನೋಡಿದ್ದು.

ಹಿಂದೆ ಬೇಸಿಗೆಯಲ್ಲಿ ಕೃಷ್ಣೆ ಒಣಗಿ ಅಲ್ಲೊಂದು ಇಲ್ಲೊಂದು ಮಡು ಉಳಿಯುತ್ತಿತ್ತು. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ರೈತರೇ ಹಣ ಹಾಕಿ, ಮೈಮುರಿದು ದುಡಿದು ಶ್ರಮಬಿಂದು ಸಾಗರ ಕಟ್ಟಿದರು. ಹಿಪ್ಪರಗಿ, ಗಲಗಲಿಯಲ್ಲೂ ಬ್ಯಾರೇಜ್ ಆದವು, ಕೆಳಗೆ ಆಲಮಟ್ಟಿ ತುಂಬಿತು. ಹೊಳೆಯಲ್ಲಿ ಹೆಚ್ಚು ಕಾಲ ನೀರು ನಿಂತಿತು, ನೀರಿನ ಜತೆ ಮೀನೂ ನಿಂತಿತು. ಮೀನು ನಿಂತಲ್ಲಿ ಬಲೆಯೂ ಬಂತು. ಮರಿಗೆ ಕುತ್ತು ಬಂದದ್ದು ಹೀಗೆ.

ನೀರಿನಲ್ಲಿ ಗೋಡೆಯಂತೆ ನಿಲ್ಲಿಸುವ ಕಿವಿರು ಬಲೆಗೆ ಒಂದು ಒಳ್ಳೆಯ ಗುಣ ಇದೆ. ಅದು ಆರಿಸಿ ಹಿಡಿಯುತ್ತದೆ. ಮೀನು ಕಣ್ಣಿನೊಳಗೆ ತಲೆ ತೂರಿಸುತ್ತದೆ. ಹೊಟ್ಟೆ ದಪ್ಪ, ಮುಂದೆ ಹೋಗಲಾರದು. ಹಿಂದೆ ಸರಿಯಹೋದರೆ ಕಿವಿರಿನ ಮುಚ್ಚಳಕ್ಕೆ ನೂಲು ಸಿಗುತ್ತದೆ. ಸಣ್ಣದು ಪೂರ್ತಿ ನುಸುಳಿ ಪಾರಾಗುತ್ತದೆ. ತೀರಾ ದೊಡ್ಡದಕ್ಕೆ ತಲೆಯೇ ಹಿಡಿಸದು, ಮುಟ್ಟಿ ವಾಪಸಾಗುತ್ತದೆ. ಹಾಗಾಗಿ ಯಾವ ಮೀನು ಸಿಗಬೇಕು ಎಂಬುದು ಬಲೆ ಕೊಳ್ಳುವ ದಿನ ಅಂಗಡಿಯಲ್ಲೇ ತೀರ್ಮಾನವಾಗಿಬಿಡುತ್ತದೆ.

ಕಣ್ಣು ಅಳೆಯುವುದು ಹೀಗೆ. ಎದುರುಬದುರಿನ ಎರಡು ಗಂಟು ಹಿಡಿದು ಬಿಗಿಯಾಗಿ ಎಳೆಯಿರಿ. ಗಂಟಿನಿಂದ ಗಂಟಿಗೆ ಎಷ್ಟು ಬಂತೋ ಅದು ಕಣ್ಣು. ಅದರ ಎರಡು ಪಟ್ಟು ಕಣ್ಣಿನ ಸುತ್ತಳತೆ. ಕೆಲವು ಅಂಗಡಿಯವರು ಪಕ್ಕಪಕ್ಕದ ಗಂಟಿನ ಅಳತೆ ಹೇಳುತ್ತಾರೆ, ಅದು ಇದರ ಅರ್ಧ. ಇನ್ನು ಕೆಲವರು ಎಷ್ಟು ಬೆರಳು ಹಿಡಿಯುತ್ತದೆ ಎಂದು ಹೇಳುತ್ತಾರೆ. ಯಾರ ಬೆರಳು? ಸ್ಕೇಲು ಜೇಬಿನಲ್ಲಿಟ್ಟುಕೊಂಡೇ ಹೋಗಿ.

ಈಗ ನಿಮಗೆ ಬೇಕಾದ ಗಾತ್ರದ ಒಂದು ಮೀನು ಹುಡುಕಿ. ಸಂತೆಯದ್ದಾದರೂ ನಡೆದೀತು. ಒಂದು ದಾರವನ್ನು ಕಿವಿರಿನ ಹಿಂದೆ ಸುತ್ತಿ ಅಳೆಯಿರಿ, ಆಮೇಲೆ ಹೊಟ್ಟೆಯ ದಪ್ಪ ಜಾಗದಲ್ಲಿ ಅಳೆಯಿರಿ. ಎರಡನ್ನೂ ಅರ್ಧ ಮಾಡಿ. ನಿಮ್ಮ ಬಲೆಯ ಕಣ್ಣು ಈ ಎರಡರ ನಡುವೆ ಇರಬೇಕು. ಉದಾಹರಣೆಗೆ ಕಿವಿರಿನ ಹಿಂದೆ 22, ಹೊಟ್ಟೆಯಲ್ಲಿ 27 ಸೆಂಟಿಮೀಟರ್ ಬಂದರೆ ಅರ್ಧ 11 ಮತ್ತು ಹದಿಮೂರೂವರೆ. ಹನ್ನೆರಡರ ಕಣ್ಣು ಸರಿ. ಕಾಟ್ಲಾ ತಲೆ ದೊಡ್ಡದು, ಮೈ ಅಗಲ. ರೋಹು, ಮೃಗಾಲ್ ಉದ್ದ. ಒಂದೇ ತೂಕವಾದರೂ ಅಳತೆ ಬೇರೆ ಬರುತ್ತದೆ, ಬೇರೆಬೇರೆಯಾಗಿಯೇ ಅಳೆಯಿರಿ.

ಇನ್ನೊಂದು ಲೆಕ್ಕ ತಲೆಯಲ್ಲಿರಲಿ. ಮೀನು ಬೆಳೆಯುವಾಗ ಉದ್ದ, ಅಗಲ, ದಪ್ಪ ಮೂರೂ ಬೆಳೆಯುತ್ತವೆ. ಆದ್ದರಿಂದ ಕಣ್ಣು ಕಾಲು ಭಾಗ ಹಿಗ್ಗಿದರೆ ಸಿಗುವ ಮೀನಿನ ತೂಕ ಹೆಚ್ಚುಕಡಿಮೆ ಇಮ್ಮಡಿ. 10 ಸೆಂ.ಮೀ. ಬದಲು ಹನ್ನೆರಡೂವರೆ ಹಾಕಿದಿರೋ, ಎರಡು ಮೀನಿನ ತೂಕ ಒಂದರಲ್ಲೇ ಬಂತು. 15ಕ್ಕೆ ಹೋದರೆ ಮೂರು ಪಟ್ಟು ದಾಟುತ್ತದೆ. ಆದರೆ ಅಷ್ಟು ದೊಡ್ಡ ಮೀನು ನಿಮ್ಮ ನೀರಿನಲ್ಲಿ ಇರಬೇಕಲ್ಲ! ಬರೀ ಮರಿಯೇ ಉಳಿದ ಜಾಗದಲ್ಲಿ ದೊಡ್ಡ ಕಣ್ಣು ಬಿಟ್ಟರೆ ಮೊದಲ ಹಂಗಾಮಿನಲ್ಲಿ ತೆಪ್ಪ ಹಗುರವೇ. ಇದನ್ನು ಮುಚ್ಚಿಟ್ಟು ಬರೆದರೆ ಪ್ರಯೋಜನವಿಲ್ಲ.

ಬಲೆ ಕಟ್ಟುವ ರೀತಿಯೂ ಮುಖ್ಯ. ಎಳೆದರೆ 100 ಮೀಟರ್ ಬರುವ ಬಲೆಯನ್ನು 50-60 ಮೀಟರ್ ಹಗ್ಗಕ್ಕೆ ಕಟ್ಟಿದರೆ ಕಣ್ಣು ತೆರೆದು ನಿಲ್ಲುತ್ತದೆ. 35-40ಕ್ಕೇ ಕಟ್ಟಿದರೆ ಬಲೆ ಸಡಿಲವಾಗಿ ಜೋತುಬೀಳುತ್ತದೆ, ಕಂಡ ಕಂಡ ಮೀನೆಲ್ಲ ಸುತ್ತಿಕೊಳ್ಳುತ್ತದೆ. ಜಿಲೇಬಿ, ಚೇಳು ಮೀನಿನ ಮರಿಗಳಂತೂ ಮುಳ್ಳು ಸಿಕ್ಕಿಸಿಕೊಂಡು ಒದ್ದಾಡುತ್ತವೆ. ಬಿಡಿಸಲು ಅರ್ಧ ದಿನ ಬೇಕು.

ಜಾಗ ನೋಡಿ ಬಿಡುವುದೂ ಒಂದು ವಿದ್ಯೆ. ಮರಿಗಳು ದಂಡೆಯ ತೆಳು ನೀರು, ಜೊಂಡು, ಮುಳುಗಿದ ಜಾಲಿ ಗಿಡಗಳ ಸಂದಿಯಲ್ಲಿ ಇರುತ್ತವೆ. ದೊಡ್ಡವು ಹಳೇ ಹೊಳೆಯ ಆಳದ ಗುಂಟ ಓಡಾಡುತ್ತವೆ. ಬಲೆಯನ್ನು ದಂಡೆಗೆ ತಾಗಿಸಬೇಡಿ. ಸಂಜೆ ಬಿಟ್ಟು ನಸುಕಿನಲ್ಲೇ ಎತ್ತಿ. ಬಿಸಿಲು ಏರುವ ತನಕ ಬಿಟ್ಟರೆ ಸಿಕ್ಕ ಮರಿ ಬದುಕುವುದಿಲ್ಲ, ದೊಡ್ಡದೂ ಮೆತ್ತಗಾಗಿ ರೇಟು ಇಳಿಯುತ್ತದೆ.

ಸಿಕ್ಕ ಮರಿಯನ್ನು ವಾಪಸು ಬಿಟ್ಟರೆ ಬದುಕುತ್ತದಾ ಎಂದು ಕೇಳುವವರಿದ್ದಾರೆ. ಬದುಕುತ್ತದೆ, ಕೈ ಒದ್ದೆ ಮಾಡಿಕೊಂಡು, ಕಿವಿರು ಮುಟ್ಟದೆ, ನೀರಿನಲ್ಲೇ ಬಿಡಿಸಿದರೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬಂಡೆಗಳ ಸಂದಿಯಲ್ಲಿರುವ ರಾಕ್‌ಫಿಶ್ ಹಿಡಿಯುವವರಿಗೆ ಈ ಅನುಕೂಲ ಇಲ್ಲ. ಅದರ ಹೊಟ್ಟೆಯೊಳಗಿನ ಗಾಳಿಚೀಲಕ್ಕೆ ಬಾಯಿ ಇಲ್ಲ. ಆಳದಿಂದ ಮೇಲೆಳೆದಾಗ ಗಾಳಿ ಹಿಗ್ಗಿ ಮೀನು ಉಬ್ಬುತ್ತದೆ, ಬಿಟ್ಟರೂ ತೇಲುತ್ತದೆ. ಭಾರ ಕಟ್ಟಿದ ಸಾಧನದಿಂದ ಅದನ್ನು ಮತ್ತೆ ಆಳಕ್ಕೆ ಇಳಿಸಿ ಬಿಡುತ್ತಾರೆ. ನಮ್ಮ ಗೆಂಡೆ ಜಾತಿಯ ಮೀನಿಗೆ ಗಾಳಿಚೀಲದಿಂದ ಗಂಟಲಿಗೆ ಕೊಳವೆ ಇದೆ, ಹೆಚ್ಚಾದ ಗಾಳಿಯನ್ನು ಹೊರಬಿಡುತ್ತದೆ. ನೀರೂ ಅಷ್ಟು ಆಳವಿಲ್ಲ. ಅವರು ಅಷ್ಟು ಕಷ್ಟಪಟ್ಟು ಬಿಡುವಾಗ ನಾವು ತೆಪ್ಪದಿಂದ ಕೈ ಇಳಿಸಿ ಬಿಡಲಾರೆವೇ?

ಗಾಳ ಹಾಕುವವರಿಗೂ ಇದೇ ಮಾತು. ದೊಡ್ಡ ಕೊಕ್ಕೆ, ದೊಡ್ಡ ಉಂಡೆ. ಶೇಂಗಾ ಹಿಂಡಿಯ ಉಂಡೆಯನ್ನು ನಿಂಬೆಕಾಯಿ ಗಾತ್ರ ಮಾಡಿದರೆ ಮರಿ ಸುತ್ತ ಕಚ್ಚಿ ತಿಂದು ಹೋಗುತ್ತದೆ, ಕೊಕ್ಕೆ ಅದರ ಬಾಯಿಗೆ ಹಿಡಿಸದು.

ಹಾಗಂತ ಸಣ್ಣ ಮೀನೆಲ್ಲ ಮರಿ ಅಲ್ಲ. ಬೆರಳುದ್ದಕ್ಕೇ ಮೊಟ್ಟೆ ಇಡುವ ಜಾತಿಗಳೂ ಹೊಳೆಯಲ್ಲಿವೆ. ಒಣಗಿಸಿ ಸಾರಿಗೆ ಹಾಕುವುದು ಅವನ್ನೇ, ಅದು ಬಡವರ ಊಟ. ಗೊತ್ತಾಗಲು ತಲೆ ನೋಡಿ. ಮೈಗೆ ಮೀರಿದ ದೊಡ್ಡ ತಲೆ, ಮೇಲಕ್ಕೆ ತಿರುಗಿದ ಬಾಯಿ ಇದ್ದರೆ ಅದು ಬೆರಳುದ್ದ ಇದ್ದರೂ ಕಾಟ್ಲಾ ಮರಿಯೇ.

ನನಗೆ ನಿಜವಾದ ಚಿಂತೆ ಎಳೆಬಲೆಯದು. ತುಂಗಭದ್ರಾ ಜಲಾಶಯದಲ್ಲಿ ಅಲಿವಿ ಎಂಬ ಭಾರೀ ಎಳೆಬಲೆ ಇದೇ ಕಾರಣಕ್ಕೆ ಕೆಟ್ಟ ಹೆಸರು ಪಡೆದಿದೆ. ಸೊಳ್ಳೆಪರದೆಯಂಥ ಸಣ್ಣ ಕಣ್ಣು, ದಂಡೆಯ ತೆಳು ನೀರನ್ನೇ ಬಳಿದು ತರುತ್ತದೆ. ನಾನು ಹನ್ನೆರಡರ ಕಣ್ಣು ಹಾಕಿ ಪಾರುಮಾಡಿದ ಮರಿ ಮರುದಿನ ಅದರಲ್ಲಿರುತ್ತದೆ. ನಮ್ಮ ದಂಡೆಯ ಅಂಬಿಗ ಕಾಕಾ ಒಬ್ಬರು, “ನೀವು ಬಿಟ್ಟದ್ದನ್ನ ಆಚೆ ದಂಡೀಯವ್ರು ಹಿಡದ್ರ ನಿಮಗೇನ ಸಿಕ್ತ್ರಿ?” ಅಂತ ಕೇಳಿದರು. ಸರಿಯಾದ ಪ್ರಶ್ನೆ. ಅದಕ್ಕೇ ಎರಡೂ ದಂಡೆಯ ತೆಪ್ಪದವರು ಕೂತು ಎಳೆಬಲೆ ಬೇಡ, ಹತ್ತಕ್ಕಿಂತ ಸಣ್ಣ ಕಣ್ಣು ಬೇಡ ಎಂದು ಮಾತಾಡಿಕೊಂಡೆವು. ಎಲ್ಲರೂ ಪಾಲಿಸುತ್ತಾರೆ ಎನ್ನಲಾರೆ. ಆದರೆ ಈಗ ಯಾರ ತೆಪ್ಪದಲ್ಲಿ ಯಾವ ಬಲೆ ಇದೆ ಎಂದು ಎಲ್ಲರ ಕಣ್ಣೂ ಇರುತ್ತದೆ. ಇಲಾಖೆ ಬಿತ್ತಿದ ಮರಿ ಬಲಿಯುವ ತನಕವಾದರೂ ಇಂಥ ಮಾತು ಪ್ರತಿ ಊರಲ್ಲಿ ಆಗಬೇಕು. ಸಿಡಿಮದ್ದು, ವಿಷ ಹಾಕುವವರ ಬಗ್ಗೆ ಬರೆಯಲು ಏನೂ ಇಲ್ಲ. 1897ರ ಕಾನೂನೇ ಅದನ್ನು ಅಪರಾಧ ಎಂದಿತ್ತು.

ಮುಂಗಾರಿನಲ್ಲಿ ಇನ್ನೂ ಎಚ್ಚರ ಬೇಕು. ಹೊಸ ಕೆಂಪು ನೀರು ಬಂದಾಗ ಮೊಟ್ಟೆ ತುಂಬಿದ ಮೀನು ಪ್ರವಾಹದ ವಿರುದ್ಧ ಏರಿ ಬ್ಯಾರೇಜ್ ಕೆಳಗೆ ಬಂದು ನಿಲ್ಲುತ್ತದೆ. ಮಲೆನಾಡಿನವರ ಹತ್ತುಮೀನಿನ ಹಾಗೆಯೇ. ಗೇಟಿನ ಕೆಳಗೆ ಮೀನು ಕಿಕ್ಕಿರಿದಾಗ ಕೋಲಿನಲ್ಲಿ ಹೊಡೆದರೂ ಸಿಗುತ್ತದೆ, ಅದನ್ನು ಹಬ್ಬದಂತೆ ನೋಡಲು ಹೋಗುವವರೂ ಇದ್ದಾರೆ. ಬಲಿತ ರೋಹು ಹೊಟ್ಟೆಯಲ್ಲಿ ಲಕ್ಷಗಟ್ಟಲೆ ಮೊಟ್ಟೆ ಇರುತ್ತವೆ. ಜೂನ್‌ನಿಂದ ಆಗಸ್ಟ್ ತನಕ ನಾನು ಬಲೆ ತೊಳೆದು ಅಟ್ಟಕ್ಕೆ ಹಾಕುತ್ತೇನೆ. ಹೊಲದಲ್ಲಿ ಹೇಗೂ ಕೆಲಸ ಇರುತ್ತದೆ.

ಹೊಳೆ ಇಲ್ಲದವರು ಕೃಷಿ ಹೊಂಡದಲ್ಲಿ ಇದನ್ನೇ ಮಾಡಬಹುದು. ನೀರು ಖಾಲಿ ಮಾಡಿ ಒಮ್ಮೆಲೇ ಬಳಿಯುವ ಬದಲು ದೊಡ್ಡ ಕಣ್ಣಿನ ಬಲೆಯಿಂದ ಬಲಿತವನ್ನಷ್ಟೇ ತೆಗೆಯಿರಿ. ಜಾಗ, ಮೇವು ಬಿಡುವಾಗಿ ಹಿಂದುಳಿದವು ಬೇಗ ಮೈ ತುಂಬುತ್ತವೆ. ಕಾಟ್ಲಾ ಮೇಲುನೀರಿನಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುತ್ತವೆ. ಬರೀ ಕಾಟ್ಲಾ ಬೇಕಿದ್ದರೆ ಬಲೆಯನ್ನು ತಳ ಮುಟ್ಟಿಸದೆ ಮೇಲೆಯೇ ತೇಲಿಬಿಟ್ಟರೆ ಸಾಕು.