ಗಣಕಯಂತ್ರದ ಕಿರ್ದಿ

ಮಲೆನಾಡಿನ ಮಳೆಗಾಲವನ್ನು ಕಂಡವರಿಗೆ ಈ ಅನುಭವ ಹೊಸದಲ್ಲ. ಆಷಾಢದ ಗಾಳಿ ಬೀಸುತ್ತದೆ. ಎಲ್ಲಿಯೋ ಒಂದು ಕೊಂಬೆ ತಂತಿಯ ಮೇಲೆ ಬೀಳುತ್ತದೆ. ಊರಿನ ದೀಪಗಳೆಲ್ಲ ಒಮ್ಮೆಗೇ ಆರಿಹೋಗುತ್ತವೆ. ನಮ್ಮ ಜೋಗದಲ್ಲಿ 1948ರಲ್ಲಿಯೇ ವಿದ್ಯುದುತ್ಪಾದನೆ ಆರಂಭವಾಯಿತಾದರೂ ಕತ್ತಲೆಗೆ ಆ ದಾಕ್ಷಿಣ್ಯವಿಲ್ಲ.

ಅಂತಹ ಒಂದು ಸಂಜೆಯ ಮರುದಿನ, ಶಿವಮೊಗ್ಗದಲ್ಲಿ ಅಡಿಕೆ ಮಂಡಿಯನ್ನು ನಡೆಸುವ ಮಿತ್ರರೊಬ್ಬರು ನನ್ನಲ್ಲಿಗೆ ಬಂದರು. ಅವರ ಲೆಕ್ಕವೆಲ್ಲ ಒಂದು ಗಣಕಯಂತ್ರದಲ್ಲಿದೆ. ಆರು ಮಂದಿ ಗುಮಾಸ್ತರು ತಮ್ಮ ತಮ್ಮ ಮೇಜಿನಿಂದಲೇ ಅದರಲ್ಲಿ ನಮೂದಿಸುತ್ತಾರೆ. ದೀಪ ಆರುವುದಕ್ಕೆ ತುಸು ಮುಂಚೆ ಬರೆದ ಕೆಲವು ಬೆಳೆಗಾರರ ಮಾಲಿನ ತೂಕವೂ ಧಾರಣೆಯೂ ಬೆಳಗ್ಗೆ ನೋಡಿದರೆ ಅಲ್ಲಿರಲಿಲ್ಲ.

“ಮೇಷ್ಟ್ರೇ, ಸೆಕೆಂಡಿಗೆ 7000 ಮೆಗಾಬೈಟು ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿದ್ದಾರೆ. ಅಷ್ಟು ಬೇಗ ಬರೆಯುವಂಥಾದ್ದು ನಾಲ್ಕು ಸಾಲು ಬರೆಯಲಾರದೆ ಹೋಯಿತೆ?” ಎಂದು ಕೇಳಿದರು.

ಪ್ರಶ್ನೆ ನ್ಯಾಯವಾದುದೇ. ಉತ್ತರಿಸಬೇಕಾದರೆ ಮೊದಲು ಎಸ್‌ಎಸ್‌ಡಿ ಎಂಬ ಈ ಸಾಧನವು ಬರೆಯುವ ಬಗೆಯನ್ನು ಅರಿಯಬೇಕು.

1956ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ಹಾರ್ಡ್ ಡಿಸ್ಕಿನಲ್ಲಿ ಮಾಹಿತಿಯು ತಿರುಗುವ ತಟ್ಟೆಗಳ ಮೇಲೆ ಕಾಂತೀಯ ಗುರುತುಗಳಾಗಿ ಉಳಿಯುತ್ತಿದ್ದಿತು. ಇಂದಿನ ಹಾರ್ಡ್ ಡಿಸ್ಕಿನ ತತ್ವವೂ ಅದೇ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಯು ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಬೇಕಾದ ಜಾಗ ಎದುರಿಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದರ ತೋಳು ಸರಿಯಲು ಇನ್ನಷ್ಟು ಹೊತ್ತು. ಹೀಗಾಗಿ ಅಲ್ಲಲ್ಲಿ ಚದುರಿದ ಮಾಹಿತಿಯನ್ನು ಅದು ಸೆಕೆಂಡಿಗೆ ನೂರು ಸಲ ಹೆಕ್ಕಿ ತಂದರೆ ಹೆಚ್ಚು.

ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಅದರೊಳಗೆ ಇರುವುವು ಎಲೆಕ್ಟ್ರಾನುಗಳನ್ನು ಸೆರೆಯಿಡುವ ಕೋಟ್ಯಂತರ ಕೋಶಗಳು. ಪ್ರತಿಯೊಂದು ಸೆರೆಯ ಸುತ್ತಲೂ ವಿದ್ಯುತ್ತನ್ನು ಹರಿಯಗೊಡದ ತೆಳುವಾದ ಪದರವೊಂದುಂಟು. ತಕ್ಕಷ್ಟು ವೋಲ್ಟೇಜನ್ನು ಕೊಟ್ಟಾಗ ಎಲೆಕ್ಟ್ರಾನುಗಳು ಆ ಗೋಡೆಯನ್ನು ಹಾರದೆಯೇ, ಕ್ವಾಂಟಂ ನಿಯಮದಂತೆ, ಅದರ ಮೂಲಕವೇ ನುಸುಳಿ ಒಳಸೇರುತ್ತವೆ. ವೋಲ್ಟೇಜನ್ನು ತೆಗೆದ ಮೇಲೂ ಅಲ್ಲಿಯೇ ನಿಲ್ಲುತ್ತವೆ. ಇಂತಹ ಸೆರೆಯನ್ನು 1967ರಲ್ಲಿ ಬೆಲ್ ಪ್ರಯೋಗಶಾಲೆಯ ಡಾವೋನ್ ಕಾಂಗ್ ಮತ್ತು ಸೈಮನ್ ಸ್ಜೆ ಅವರು ರೂಪಿಸಿದರು. ಇಂದಿನ ಎಸ್‌ಎಸ್‌ಡಿಗಳಿಗೆ ಆಧಾರವಾದ ನ್ಯಾಂಡ್ ಫ್ಲ್ಯಾಶ್ ತೋಷಿಬಾದ ಫುಜಿಯೊ ಮಸುವೊಕ ಅವರ ಕಾಣಿಕೆ. ಅದನ್ನು 1987ರಲ್ಲಿ ಪ್ರಕಟಿಸಲಾಯಿತು.

ಈ ವ್ಯವಸ್ಥೆಗೆ ಎರಡು ಕೊರತೆಗಳುಂಟು. ಎಲೆಕ್ಟ್ರಾನುಗಳು ನುಸುಳಿದಂತೆಲ್ಲ ಗೋಡೆ ಸವೆಯುತ್ತದೆ, ಇದು ಮೊದಲನೆಯದು. ಒಂದು ಕೋಶದಲ್ಲಿ ಒಂದೇ ಬಿಟ್ ಇಟ್ಟರೆ 2 ಮಟ್ಟಗಳನ್ನು ಗುರುತಿಸಿದರೆ ಸಾಕು. ಟಿಎಲ್‌ಸಿ ಎಂಬ ಜಾತಿಯಲ್ಲಿ 3 ಬಿಟ್‌ಗಳಿಗೆ 8 ಮಟ್ಟಗಳು, ಕ್ಯೂಎಲ್‌ಸಿಯಲ್ಲಿ 4 ಬಿಟ್‌ಗಳಿಗೆ 16 ಮಟ್ಟಗಳು ಬೇಕು. ಒಂದೇ ಸೇರಿಗೆ 16 ಗೆರೆ ಎಳೆದು ಅಳೆದಂತೆ, ಕ್ಯೂಎಲ್‌ಸಿ ಅಗ್ಗವಾದರೂ ನಿಧಾನ, ಬಾಳಿಕೆಯೂ ಕಡಿಮೆ. ಎರಡನೆಯ ಕೊರತೆ, ಒಂದು ಸಾಲನ್ನು ಮಾತ್ರ ಅಳಿಸಲಾಗದಿರುವುದು. ಸ್ಲೇಟಿನ ಒಂದು ಮೂಲೆಯನ್ನು ತಿದ್ದಲು ಇಡೀ ಸ್ಲೇಟನ್ನೇ ಒರೆಸಬೇಕಾದಂತೆ, ಇಲ್ಲಿ ನೂರಾರು ಪುಟಗಳ ಖಂಡವೊಂದನ್ನು ಒಟ್ಟಿಗೆ ಅಳಿಸಬೇಕು.

ಈ ತೊಡಕುಗಳನ್ನು ಮರೆಮಾಡಲು ಎಸ್‌ಎಸ್‌ಡಿಯು ಬಂದ ಮಾಹಿತಿಯನ್ನು ಮೊದಲು ತನ್ನ ತಾತ್ಕಾಲಿಕ ಸ್ಮೃತಿಯಲ್ಲಿಟ್ಟುಕೊಂಡು, ಆಮೇಲೆ ಅನುಕೂಲದಂತೆ ಕೋಶಗಳಲ್ಲಿ ಬರೆಯುತ್ತದೆ. ಆ ತಾತ್ಕಾಲಿಕ ಸ್ಮೃತಿಯಾದರೋ ವಿದ್ಯುತ್ತು ಹೋದೊಡನೆ ಬರಿದಾಗುತ್ತದೆ.

ಮಂಡಿಯ ಗುಮಾಸ್ತನೊಬ್ಬನನ್ನು ನೆನೆಯಿರಿ. ತೂಕದ ಚೀಟಿಗಳನ್ನು ಪಡೆದು ಮಡಿಲಿನಲ್ಲಿಟ್ಟುಕೊಂಡು “ಬರೆದಾಯಿತು” ಎನ್ನುವವನು ಬಲು ಚುರುಕಾಗಿ ಕಾಣುತ್ತಾನೆ. ದೀಪ ಆರಿ ಗಾಳಿಗೆ ಚೀಟಿಗಳು ಹಾರಿಹೋದರೆ ಅವನ ಮಾತು ಸುಳ್ಳಾಗುತ್ತದೆ. ಇನ್ನೊಬ್ಬನು ಪ್ರತಿಯೊಂದು ಚೀಟಿಯನ್ನೂ ಕಿರ್ದಿಗೆ ಏರಿಸಿದ ಮೇಲೆಯೇ “ಬರೆದಾಯಿತು” ಎನ್ನುತ್ತಾನೆ. ಪ್ರಾಮಾಣಿಕನೇನೋ ಹೌದು, ಆದರೆ ನಿಧಾನಿ. ಮೂರನೆಯವನ ಪಕ್ಕದಲ್ಲಿ ಹೊತ್ತಿಸಿದ ಲಾಟೀನೊಂದು ಸದಾ ಇರುತ್ತದೆ. ದೀಪ ಆರಿದರೂ ಮಡಿಲಿನ ಚೀಟಿಗಳನ್ನು ಬರೆದು ಮುಗಿಸುವಷ್ಟು ಎಣ್ಣೆ ಅದರಲ್ಲಿದೆ. ಆದುದರಿಂದ ಅವನು ಚೀಟಿ ಕೈಗೆ ಬಂದೊಡನೆ “ಬರೆದಾಯಿತು” ಎಂದರೂ ಅದು ಸುಳ್ಳಲ್ಲ.

ಎಸ್‌ಎಸ್‌ಡಿಯಲ್ಲಿ ಈ ಲಾಟೀನಿನ ಕೆಲಸವನ್ನು ಮಾಡುವುವು ಕೆಪ್ಯಾಸಿಟರುಗಳು. ವಿದ್ಯುತ್ತು ಹೋದಾಗ ಅವುಗಳಲ್ಲಿ ಶೇಖರವಾದ ಶಕ್ತಿಯಿಂದ ತಾತ್ಕಾಲಿಕ ಸ್ಮೃತಿಯಲ್ಲಿರುವುದೆಲ್ಲ ಕೋಶಗಳಿಗೆ ಸೇರುತ್ತದೆ. ಸರ್ವರಿಗೆಂದು ಮಾಡಿದ ಬಹುಪಾಲು ಎಸ್‌ಎಸ್‌ಡಿಗಳಲ್ಲಿ ಈ ಏರ್ಪಾಡು ಇರುತ್ತದೆ. ಮನೆಬಳಕೆಯವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಲೆಕ್ಕದ ತಂತ್ರಾಂಶವು ಒಂದೊಂದು ನಮೂದಿಗೂ “ಬರೆದಾಯಿತೆ?” ಎಂದು ಕೇಳಿ ಕಾಯುವಂತಿದ್ದರೆ, ಕೆಪ್ಯಾಸಿಟರುಳ್ಳ ಎಸ್‌ಎಸ್‌ಡಿಯು ಅದಿಲ್ಲದುದಕ್ಕಿಂತ ಅನೇಕ ಪಟ್ಟು ಬೇಗ ಉತ್ತರ ಕೊಡುತ್ತದೆ. ಡಬ್ಬಿಯ ಮೇಲಿನ 7000 ಎಂಬ ಅಂಕಿ ದೊಡ್ಡ ಕಡತವನ್ನು ಒಂದೇ ಸಮನೆ ಸಾಗಿಸುವ ವೇಗ. ಮಂಡಿಯ ನಮೂದುಗಳು ಅಂಥವಲ್ಲ.

ಹಾಗಾದರೆ ಆ ದೊಡ್ಡ ಅಂಕಿ ಯಾರಿಗೆ ಬೇಕು? ಭದ್ರಾವತಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಎರಕದ ಭಾಗಗಳ ನಕ್ಷೆಗಳನ್ನು ಗಣಕದಲ್ಲಿ ರಚಿಸುತ್ತಾನೆ. 1923ರಷ್ಟು ಹಿಂದೆಯೇ ಕಬ್ಬಿಣದ ಕಾರ್ಖಾನೆ ಆರಂಭವಾದ ಊರಿಗೆ ಇದು ಸಹಜವಾದ ಉದ್ಯೋಗವೇ. ಅವನು ಒಬ್ಬನೇ ಕೂತು ದೊಡ್ಡ ಕಡತಗಳನ್ನು ತೆರೆಯುತ್ತಾನೆ, ಉಳಿಸುತ್ತಾನೆ. ಹಳೆಯ ಸಾಟಾ ಜೋಡಣೆಯ ಮಿತಿ ಸೆಕೆಂಡಿಗೆ ಸುಮಾರು 550 ಮೆಗಾಬೈಟು. ಎನ್‌ವಿಎಂಇ ಜೋಡಣೆಯಲ್ಲಿ 3500 ಅಥವಾ 7000 ದೊರೆಯುತ್ತದೆ. 7000 ಮೆಗಾಬೈಟಿನ ಕಡತಕ್ಕೆ ಸಾಟಾದಲ್ಲಿ 13 ಸೆಕೆಂಡು ಬೇಕಾದರೆ, ಉಳಿದೆರಡರಲ್ಲಿ 2 ಮತ್ತು 1 ಸೆಕೆಂಡು ಸಾಕು. ಮೊದಲ ಜಿಗಿತಕ್ಕೆ ಹಣ ಕೊಡಬಹುದು. ಆ ಕೊನೆಯ ಒಂದು ಸೆಕೆಂಡಿಗೆ ಕೊಡುವ ಮುನ್ನ ಯೋಚಿಸಬೇಕು. ಟಿಎಲ್‌ಸಿ ಕೋಶಗಳ, ತನ್ನದೇ ತಾತ್ಕಾಲಿಕ ಸ್ಮೃತಿಯುಳ್ಳ ಎನ್‌ವಿಎಂಇ ಅವನಿಗೆ ತಕ್ಕದ್ದು. ಕ್ಯೂಎಲ್‌ಸಿಯಾದರೆ ಬಹಳ ಹೊತ್ತು ಬರೆಯುವಾಗ ವೇಗವು ಹಾರ್ಡ್ ಡಿಸ್ಕಿಗಿಂತಲೂ ಕೆಳಗಿಳಿಯಬಹುದು.

ಇನ್ನು ಬಾಳಿಕೆಯ ಮಾತು. 1 ಟೆರಾಬೈಟಿನ ಎಸ್‌ಎಸ್‌ಡಿಗೆ “600 ಟಿಬಿಡಬ್ಲ್ಯೂ” ಎಂದಿದ್ದರೆ, ಒಟ್ಟು 600 ಟೆರಾಬೈಟು ಬರೆಯುವವರೆಗೆ ತಯಾರಕರ ಭರವಸೆಯುಂಟೆಂದು ಅರ್ಥ. ದಿನಕ್ಕೆ 50 ಗಿಗಾಬೈಟು ಬರೆದರೂ ಅದು ಮುಗಿಯಲು 12,000 ದಿನ, ಎಂದರೆ 32 ವರ್ಷಕ್ಕೂ ಹೆಚ್ಚು ಬೇಕು. ಆದುದರಿಂದ ಇಂತಹ ಕೆಲಸಗಳಲ್ಲಿ ಸವೆತಕ್ಕೆ ಅಂಜಬೇಕಾದುದಿಲ್ಲ. ಅಂಜಬೇಕಾದುದು ಆಕಸ್ಮಿಕಕ್ಕೆ. ಎಸ್‌ಎಸ್‌ಡಿ ಕೆಡುವಾಗ ಮುನ್ಸೂಚನೆ ಕೊಡದೆಯೂ ಕೆಡಬಹುದು. ಬೇರೆಡೆ ಪ್ರತಿ ಇಲ್ಲದವನಿಗೆ ಯಾವ ಎಸ್‌ಎಸ್‌ಡಿಯೂ ಒಳ್ಳೆಯದಲ್ಲ.

ನನ್ನ ಮಿತ್ರರು ಕೆಪ್ಯಾಸಿಟರುಳ್ಳ ಎರಡು ಎಸ್‌ಎಸ್‌ಡಿಗಳನ್ನು ಕೊಂಡು, ಒಂದರಲ್ಲಿ ಬರೆದುದು ಮತ್ತೊಂದರಲ್ಲಿಯೂ ಏರುವಂತೆ ಜೋಡಿಸಿದರು. ಎಂ.2 ಜಾತಿಯ ಇಂತಹವು ಕೆಲವು 110 ಮಿಲಿಮೀಟರು ಉದ್ದವಿರುವುದರಿಂದ, ಯಂತ್ರದೊಳಗಿನ ಜಾಗವನ್ನು ಮೊದಲೇ ಅಳೆದುಕೊಂಡೆವು. ಪ್ರತಿ ರಾತ್ರಿ ಲೆಕ್ಕದ ಪ್ರತಿಯೊಂದು ಬೇರೆ ಕಡೆಗೆ ಹೋಗುತ್ತದೆ. ನಮೂದು ಭದ್ರವಾದ ಮೇಲೆಯೇ ಮುಂದುವರಿಯುವಂತೆ ತಂತ್ರಾಂಶವನ್ನೂ ಸರಿಪಡಿಸಿದ್ದಾಯಿತು.

ಅನಂತರ ಒಂದು ಭಾನುವಾರ, ಲೆಕ್ಕದ ನಕಲೊಂದನ್ನು ತೆರೆದು, ಗುಮಾಸ್ತರು ನಮೂದಿಸುತ್ತಿರುವಾಗಲೇ ನಾವು ಬೇಕೆಂದೇ ಪ್ಲಗ್ಗನ್ನು ಕಿತ್ತೆವು. ಹೀಗೆ ಹತ್ತು ಸಲ ಕಿತ್ತರೂ, “ಬರೆದಾಯಿತು” ಎಂದು ತೆರೆಯ ಮೇಲೆ ಕಂಡ ಒಂದು ಸಾಲೂ ಕಾಣೆಯಾಗಲಿಲ್ಲ. ಡಬ್ಬಿಯ ಮೇಲಿನ ಅಂಕಿ ಮೊದಲಿನದಕ್ಕಿಂತ ಚಿಕ್ಕದಿದ್ದಿತೆಂಬುದನ್ನು ಆಮೇಲೆ ಯಾರೂ ಪ್ರಸ್ತಾಪಿಸಲಿಲ್ಲ.