ಸೊನ್ನೆಯಿಂದ ಶುರುವಾಗುವ ಕಾರು

48 ಮೀಟರ್ ಎತ್ತರದ ಗಾಜಿನ ಗೋಪುರ. ಒಳಗೆ ಮನೆಯಿಲ್ಲ, ಕಚೇರಿಯಿಲ್ಲ, ಒಬ್ಬ ಮನುಷ್ಯನೂ ಕಾಣುವುದಿಲ್ಲ. ಬರೀ ಕಾರುಗಳು! 20 ಅಂತಸ್ತುಗಳ ತುಂಬ ಕಾರುಗಳು. ಒಂದು ಗೋಪುರದಲ್ಲಿ 400, ಪಕ್ಕದಲ್ಲೇ ನಿಂತ ಅವಳಿ ಗೋಪುರದಲ್ಲಿ ಮತ್ತೆ 400. ಒಂದೊಂದಕ್ಕೂ ಒಬ್ಬ ಒಡೆಯ ಗೊತ್ತಾಗಿದ್ದಾನೆ, ಕೈಗೆ ಬರುವುದೊಂದೇ ಬಾಕಿ. ಕತ್ತೆತ್ತಿ ನೋಡುತ್ತ ನಿಂತರೆ ಹದಿನೈದನೆಯದೋ ಹದಿನಾರನೆಯದೋ ಅಂತಸ್ತಿನಿಂದ ಒಂದು ಕಾರು ಸದ್ದಿಲ್ಲದೆ ಹೊರಸರಿದು ಕೆಳಗಿಳಿಯತೊಡಗುತ್ತದೆ. ಕೆಳಗೆ ಎಲ್ಲೋ ಒಬ್ಬರ ಸರದಿ ಬಂದಿದೆ ಎಂದು ಅರ್ಥ.

ಇದು ಜರ್ಮನಿಯ ವುಲ್ಫ್ಸ್‌ಬರ್ಗ್. ಫೋಕ್ಸ್‌ವ್ಯಾಗನ್ ಕಂಪನಿಯ ತವರು. ಊರನ್ನೂ ಕಾರ್ಖಾನೆಯನ್ನೂ ಬೇರೆ ಮಾಡಿ ಹರಿಯುವ ಕಾಲುವೆಯ ದಡದಲ್ಲಿ, ನಾಲ್ಕು ಚಿಮಣಿಗಳ ಹಳೆಯ ವಿದ್ಯುತ್ ಸ್ಥಾವರದ ಪಕ್ಕದಲ್ಲಿ, 2000ದ ಜೂನ್ 1ರಂದು ‘ಆಟೋಷ್ಟಾಟ್’ ಎಂಬ ಕಾರುಗಳ ಪಟ್ಟಣವೇ ಬಾಗಿಲು ತೆರೆಯಿತು. ವಸ್ತುಸಂಗ್ರಹಾಲಯವಿದೆ, ತೋಟಗಳಿವೆ, ಹೋಟೆಲಿದೆ. ಅವೆಲ್ಲ ಇರಲಿ. ನನ್ನ ಕಣ್ಣು ಕಿತ್ತುಕೊಳ್ಳಲಾಗದೆ ನೆಟ್ಟದ್ದು ಈ ಗೋಪುರಗಳ ಮೇಲೆ, ಅವುಗಳ ಬುಡದಲ್ಲಿ ನಡೆಯುವ ಒಂದು ಪುಟ್ಟ ಹಸ್ತಾಂತರದ ಮೇಲೆ.

ಕಾರು ಇಲ್ಲಿಗೆ ಬರುವ ದಾರಿಯನ್ನು ಕೇಳಿ! ಕಾರ್ಖಾನೆಯಿಂದ ಗೋಪುರಕ್ಕೆ ನೆಲದಡಿಯಲ್ಲಿ ಸುಮಾರು 700 ಮೀಟರ್ ಉದ್ದದ ಸುರಂಗ. ಅದರೊಳಗೆ ಕಾರು ಓಡುವುದಿಲ್ಲ, ಅದನ್ನು ಹೊತ್ತು ತರುತ್ತಾರೆ. ಗೋಪುರದ ನಟ್ಟನಡುವೆ ಬುಡದಿಂದ ತುದಿಯವರೆಗೆ ಯಂತ್ರದ ಕಂಬ. ಮಜ್ಜಿಗೆ ಗಡಿಗೆಯ ನಡುವಿನ ಕಡೆಗೋಲಿನಂತೆ ಅದರ ತೋಳು ಸುತ್ತುತ್ತದೆ, ಸುತ್ತುತ್ತಲೇ ಮೇಲೇರುತ್ತದೆ. ಯಾವ ಅಂತಸ್ತಿನಲ್ಲಿ ಯಾವ ಗೂಡು ಖಾಲಿಯಿದೆಯೋ ಅಲ್ಲಿಗೆ ಹೋಗಿ ಒಂದೂವರೆ ಟನ್ ತೂಕದ ಕಾರನ್ನು ಮೆಲ್ಲಗೆ ಒಳಗಿಟ್ಟು ಬರುತ್ತದೆ. ಚಾಲಕನಿಲ್ಲ. ಎಂಜಿನ್ ಸದ್ದಿಲ್ಲ. ಹೊಗೆಯಿಲ್ಲ. ಕೊಳ್ಳುವವರು ಬಂದ ದಿನ ಅದೇ ತೋಳು ಅದೇ ಕಾರನ್ನು ಇಳಿಸಿ ಕೊಡುತ್ತದೆ. ಮೀಟರ್ ನೋಡಿದರೆ ಸೊನ್ನೆ!

ಆ ಸೊನ್ನೆಯೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ನಮ್ಮಲ್ಲಿ ಹೊಸ ಕಾರೆಂದರೆ ಶೋರೂಮಿನಲ್ಲಿ ಕೈಗೆ ಬರುವಂಥದ್ದು. ಮೈಸೂರು ರಸ್ತೆಯಲ್ಲಿ ಹೋಗುವಾಗ ಬಿಡದಿಯ ಟೊಯೋಟಾ ಕಾರ್ಖಾನೆಯ ಕಾರುಗಳು ಉದ್ದನೆಯ ಲಾರಿಯ ಬೆನ್ನೇರಿ ಹೊರಡುವುದನ್ನು ನೋಡಿದ್ದೇವೆ. ಅಲ್ಲಿಂದ ಡೀಲರ್‌ನ ಯಾರ್ಡ್, ಯಾರ್ಡಿನಿಂದ ಶೋರೂಮ್. ಬಿಡದಿಯಲ್ಲೇ ಮನೆಯಿದ್ದವರೂ ಕಾರ್ಖಾನೆಯ ಬಾಗಿಲಿಗೆ ಹೋಗಿ ‘ನನ್ನ ಕಾರು ಕೊಡಿ’ ಎನ್ನುವಂತಿಲ್ಲ. ಕೀಲಿಕೈ ಸಿಗುವಷ್ಟರಲ್ಲಿ ಯಾರ್ಯಾರೋ ಅದನ್ನು ಹತ್ತಿ ಇಳಿದು, ಅಷ್ಟಿಷ್ಟು ಓಡಿಸಿರುತ್ತಾರೆ. ಇಲ್ಲಿ ಹಾಗಲ್ಲ. ಈ ಕಾರಿನ ಚಕ್ರ ಲೋಕದ ರಸ್ತೆಯನ್ನು ಮೊದಲ ಸಲ ಮುಟ್ಟುವುದು ಅದರ ಒಡೆಯ ಸ್ಟಿಯರಿಂಗ್ ಹಿಡಿದಾಗ. ಯಂತ್ರವೊಂದು ಹುಟ್ಟುತ್ತಲೇ ತನ್ನವರ ಕೈ ಸೇರುವುದನ್ನು ಹೀಗೆ ಕಣ್ಣೆದುರೇ ಕಾಣಬಹುದೆಂದು ನಾನು ಊಹಿಸಿಯೂ ಇರಲಿಲ್ಲ.

ಕಾರು ತರಲು ಜನ ಬರುವುದು ರೈಲಿನಲ್ಲಿ! ಹೋಗುವಾಗ ಹೇಗೂ ಕಾರಿದೆಯಲ್ಲ. ಅನೇಕರು ತಮ್ಮೂರಿನಲ್ಲೇ ನೋಂದಣಿ ಮುಗಿಸಿರುತ್ತಾರೆ. ಬ್ಯಾಗಿನಲ್ಲಿ ನಂಬರ್ ಪ್ಲೇಟುಗಳಿರುತ್ತವೆ. ವುಲ್ಫ್ಸ್‌ಬರ್ಗ್ ನಿಲ್ದಾಣದಲ್ಲಿ ಇಳಿದು, ಕಾಲುವೆ ಮೇಲಿನ ಸೇತುವೆ ದಾಟಿ ನಡೆದೇ ಬರುತ್ತಾರೆ. ಗಂಡ, ಹೆಂಡತಿ, ಮಕ್ಕಳು, ಕೆಲವರೊಂದಿಗೆ ಅಜ್ಜ ಅಜ್ಜಿ. ಕಾರು ಕೊಡುವ ಹಾಲ್‌ನ ಫಲಕದಲ್ಲಿ ಹೆಸರೂ ಸಮಯವೂ ಮೂಡುತ್ತವೆ. ಒಂದೊಂದು ಹೆಸರು ಮೇಲೇರಿದಂತೆ ಒಂದೊಂದು ಮನೆಯವರು ಎದ್ದು ನಿಲ್ಲುತ್ತಾರೆ. ಮದುವೆಮನೆಗೆ ಬಂದವರ ಸಡಗರ ಅವರ ಮುಖದಲ್ಲಿ. ಸಿಬ್ಬಂದಿ ಗುಂಡಿಗಳನ್ನೆಲ್ಲ ವಿವರಿಸುತ್ತಾರೆ, ಫೋಟೋ ತೆಗೆಯುತ್ತಾರೆ. ಚಿಕ್ಕ ಹುಡುಗಿಯೊಬ್ಬಳು ಬಾನೆಟ್ಟಿಗೆ ಕೆನ್ನೆ ಒತ್ತಿ ನಿಂತಳು, ಅಪ್ಪ ಕರೆದರೂ ಬರಲಿಲ್ಲ.

ಮ್ಯೂನಿಕ್ಕಿನ ಬಿಎಂಡಬ್ಲ್ಯು ವೆಲ್ಟ್‌ನಲ್ಲಿ, ಅದು 2007ರಲ್ಲಿ ತೆರೆದದ್ದು, ಇದಕ್ಕಿಂತ ನಾಟಕೀಯ ವ್ಯವಸ್ಥೆಯಿದೆ. ಕೊಳ್ಳುವವರು ಮೆಟ್ಟಿಲಿಳಿದು ಬರುತ್ತಿದ್ದಂತೆ ಕೆಳಗೆ ತಿರುಗುವ ವೇದಿಕೆಯ ಮೇಲೆ, ದೀಪಗಳ ಬೆಳಕಿನಲ್ಲಿ ಅವರ ಕಾರು ಮೆಲ್ಲನೆ ಸುತ್ತುತ್ತಿರುತ್ತದೆ. ಚೆಂದವೇ. ಆದರೂ ನನಗೆ ವುಲ್ಫ್ಸ್‌ಬರ್ಗ್ ಹೆಚ್ಚು. ಅದಕ್ಕೆ ಕಾರಣ ಗೋಪುರವಷ್ಟೇ ಅಲ್ಲ, ಈ ನೆಲದ ಚರಿತ್ರೆ.

1938ರಲ್ಲಿ ಹಿಟ್ಲರನ ಸರ್ಕಾರ ಇಲ್ಲಿ ಕಾರ್ಖಾನೆಯೊಂದನ್ನೂ ಅದರ ಸುತ್ತ ಊರನ್ನೂ ಹುಟ್ಟುಹಾಕಿತು. ಕಾರಿಗೆ 990 ಮಾರ್ಕ್; ದುಡಿಯುವ ಜನ ವಾರಕ್ಕೆ 5 ಮಾರ್ಕಿನ ಚೀಟಿ ಕೊಂಡು ಪುಸ್ತಕಕ್ಕೆ ಅಂಟಿಸುತ್ತ ಹೋಗಬೇಕು, ಹಣ ತುಂಬಿದಾಗ ಕಾರು. ಸುಮಾರು 3,36,000 ಜನ ಹೀಗೆ ಕಟ್ಟಿದರು. ಅಷ್ಟರಲ್ಲಿ ಯುದ್ಧ. ಕಾರ್ಖಾನೆ ಸೇನೆಯ ವಾಹನ ಮಾಡತೊಡಗಿತು, ಹಿಡಿದು ತಂದ ವಿದೇಶೀಯರನ್ನೂ ಸೆರೆಶಿಬಿರದ ಕೈದಿಗಳನ್ನೂ ಅಲ್ಲಿ ದುಡಿಸಿಕೊಂಡರು. ಚೀಟಿ ಅಂಟಿಸಿದ ಆ ಮೂರು ಲಕ್ಷಕ್ಕೂ ಮೀರಿದ ಜನರಲ್ಲಿ ಒಬ್ಬರಿಗೂ ಆ ಕಾರು ಸಿಗಲಿಲ್ಲ. ಒಬ್ಬರಿಗೂ! ಯುದ್ಧ ಮುಗಿದ ಮೇಲೆ ಬ್ರಿಟಿಷ್ ಮೇಜರ್ ಐವನ್ ಹರ್ಸ್ಟ್ ಬಾಂಬು ಬಿದ್ದ ಶೆಡ್ಡುಗಳಲ್ಲಿ ಕೆಲಸ ಶುರುಮಾಡಿಸಿದರು, ಬೀಟಲ್ ಕಾರು ಹೊರಬಂತು. ಉಳಿತಾಯ ಮಾಡಿದವರು ಕೋರ್ಟು ಹತ್ತಿದರು. ವರ್ಷಗಟ್ಟಲೆ ನಡೆದ ವ್ಯಾಜ್ಯ 1961ರಲ್ಲಿ ಇತ್ಯರ್ಥವಾಯಿತು: ಹೊಸ ಕಾರು ಕೊಂಡರೆ 600 ಮಾರ್ಕಿನವರೆಗೆ ರಿಯಾಯಿತಿ, ಬೇಡವೆಂದರೆ 100 ಮಾರ್ಕಿನವರೆಗೆ ನಗದು.

ಕಾರಿನ ಆಸೆ ತೋರಿಸಿ ಲಕ್ಷಾಂತರ ಜನರಿಂದ ಹಣ ಕಟ್ಟಿಸಿಕೊಂಡು ಬರಿಗೈಯಲ್ಲಿ ಕಳಿಸಿದ ಅದೇ ಊರಿನಲ್ಲಿ ಇಂದು ‘ಬನ್ನಿ, ನಿಮ್ಮ ಕಾರು ಸಿದ್ಧವಾಗಿದೆ’ ಎಂದು ಹೆಸರು ಹಿಡಿದು ಕರೆಯುತ್ತಿದ್ದಾರೆ! ಇದು ತಿಳಿದ ಮೇಲೆ ಆ ಹಾಲಿನಲ್ಲಿ ಸುಮ್ಮನೆ ಅಡ್ಡಾಡಲು ಆಗಲಿಲ್ಲ. ಫಲಕದ ಮೇಲೆ ಮೂಡುವ ಪ್ರತಿ ಹೆಸರನ್ನೂ ಓದುತ್ತ ನಿಂತೆ.

ಕಾರು ಕೊಳ್ಳಲೇಬೇಕೆಂದಿಲ್ಲ. ಬರ್ಲಿನ್ನಿನಿಂದ ವೇಗದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಟಿಕೆಟ್ ತೆಗೆದುಕೊಂಡರೆ ಗಾಜಿನ ಕೋಣೆಯೊಂದರಲ್ಲಿ ಕೂರಿಸಿ, ಕಾರುಗಳು ಏರುವ ಹಾಗೆಯೇ ನಮ್ಮನ್ನೂ ಗೋಪುರದ ನೆತ್ತಿಗೆ ಏರಿಸುತ್ತಾರೆ. ಎಡಬಲದಲ್ಲಿ ಹೊಚ್ಚ ಹೊಸ ಕಾರುಗಳ ಸಾಲುಗಳು ಒಂದೊಂದಾಗಿ ಕೆಳಕ್ಕೆ ಜಾರುತ್ತವೆ. ತುದಿ ತಲುಪಿದಾಗ ಕಾಲುವೆ, ಚಿಮಣಿ, ಕಣ್ಣು ಹರಿಯುವಷ್ಟು ದೂರ ಕಾರ್ಖಾನೆಯ ಸೂರುಗಳು. ಜರ್ಮನಿಯಲ್ಲಿ ನೌಕರಿಯಲ್ಲಿರುವ ಮಗನನ್ನೋ ಮಗಳನ್ನೋ ನೋಡಲು ಹೋಗುವವರಿದ್ದರೆ ಒಂದು ದಿನವನ್ನು ಇದಕ್ಕೆಂದೇ ಎತ್ತಿಡಿ. ಮೊದಲು ಮೇಲೇರಿ, ಆಮೇಲೆ ಇಳಿದು ಬಂದು ಕಾರು ಕೊಡುವ ಹಾಲಿನಲ್ಲಿ ಕನಿಷ್ಠ ಅರ್ಧ ಗಂಟೆಯಾದರೂ ನಿಲ್ಲಿ.