ಮನದ ಚಿಕಿತ್ಸಕರು ಬದಲಾಗುವಾಗ

ಹೊಟೇಲೊಂದು ಕೈ ಬದಲಾಯಿಸಿದಾಗ ಪಾತ್ರೆ, ಮೇಜು, ಕುರ್ಚಿ, ಉದ್ರಿ ಪುಸ್ತಕಗಳೆಲ್ಲವೂ ಹೊಸ ಯಜಮಾನರಿಗೆ ಸೇರುತ್ತವೆ. ಗಿರಾಕಿಗಳು ಮಾತ್ರ ಸೇರುವುದಿಲ್ಲ. ಮರುದಿನ ಬರುವುದೂ ಬಿಡುವುದೂ ಅವರ ಇಚ್ಛೆ. ಚಹಾ ಕುಡಿಯುವ ವಿಷಯದಲ್ಲಿಯೇ ಹೀಗಿರುವಾಗ, ಮನದ ವ್ಯಥೆಯನ್ನು ತೋಡಿಕೊಂಡವರನ್ನು ಒಬ್ಬ ಚಿಕಿತ್ಸಕರು ಇನ್ನೊಬ್ಬರಿಗೆ ವಹಿಸಿಕೊಡುವಾಗ ಎಷ್ಟು ಎಚ್ಚರ ಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಡೊಂಬಿವಲಿಯ ಕನ್ನಡಿಗರಿಗೆ ಇದು ದೂರದ ಮಾತಲ್ಲ. ಬೆಳಿಗ್ಗೆ ಲೋಕಲ್ ಗಾಡಿಗೆ ಓಡಿ ರಾತ್ರಿ ಮರಳುವ ಬಾಳು. ಊರಿನ ಹಿರಿಯರು ಬಳಿಯಲ್ಲಿಲ್ಲ. ಕಚೇರಿಯಲ್ಲಿ ಹಿಂದಿ, ಪೇಟೆಯಲ್ಲಿ ಮರಾಠಿ ನಡೆದೀತು. ದುಃಖವನ್ನು ಹೇಳಿಕೊಳ್ಳಲು ತಾಯ್ನುಡಿಯೇ ಬೇಕು. ಆ ನುಡಿಯನ್ನರಿತ ಚಿಕಿತ್ಸಕರು ದೊರೆತು, ತರುವಾಯ ಅವರು ವರ್ಗವಾಗಿಯೋ ನಿವೃತ್ತರಾಗಿಯೋ ಹೊರಟರೆ, ಮತ್ತೆ ಮೊದಲಿನಿಂದ ಹೇಳುವ ಧೈರ್ಯ ಎಷ್ಟು ಜನರಿಗೆ ಉಳಿದೀತು? ಚಿಕಿತ್ಸೆ ಅರ್ಧಕ್ಕೇ ನಿಲ್ಲುವ ಅಪಾಯವಿರುವುದು ಇಲ್ಲಿಯೇ.

ಆದುದರಿಂದ ಚಿಕಿತ್ಸಕರು ಹೊರಡುವ ವಿಚಾರವನ್ನು ಕೊನೆಯ ದಿನ ಹೇಳದೆ, ಕೆಲವು ಭೇಟಿಗಳ ಮೊದಲೇ ತಿಳಿಸಬೇಕು. ಮುಂದಿನವರಿಗೆ ಏನನ್ನು ಹೇಳಬಹುದು, ಏನನ್ನು ಬಿಡಬೇಕು ಎಂಬುದನ್ನು ಕೇಳಿ, ಒಪ್ಪಿಗೆ ಪಡೆದು ಬರೆದುಕೊಡಬೇಕು. ಸಾಧ್ಯವಿದ್ದಲ್ಲಿ ಮೂವರೂ ಒಮ್ಮೆ ಜೊತೆಯಲ್ಲಿ ಕುಳಿತು ಮಾತನಾಡಬೇಕು. ಔಷಧಿ ಸೇವಿಸುವವರಿದ್ದರೆ ಅದು ಒಂದು ದಿನವೂ ತಪ್ಪದಂತೆ ಏರ್ಪಾಡಾಗಬೇಕು. ಹೊಸಬರು ಒಗ್ಗದಿದ್ದರೆ ಬೇರೊಬ್ಬರನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಇರಬೇಕು.

ಕಾನೂನಿನ ಬೆಂಬಲವೂ ಉಂಟು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 23ನೆಯ ಕಲಮು ರೋಗಿಯ ಗುಟ್ಟನ್ನು ಕಾಯುತ್ತದೆ. ಚಿಕಿತ್ಸೆಗಾಗಿ ಇನ್ನೊಬ್ಬ ಮಾನಸಿಕ ತಜ್ಞರಿಗೆ ತಿಳಿಸಲು ಅವಕಾಶವೀಯುತ್ತದೆಯೇ ಹೊರತು, ನೆರೆಯವರಿಗೋ ಬಂಧುಗಳಿಗೋ ಮನಬಂದಂತೆ ಹೇಳಲಲ್ಲ. 25ನೆಯ ಕಲಮಿನಂತೆ ತನ್ನ ಚಿಕಿತ್ಸೆಯ ಮೂಲಭೂತ ದಾಖಲೆಗಳನ್ನು ಪಡೆಯುವ ಹಕ್ಕು ರೋಗಿಗೆ ಇದೆ. ಚಿಕಿತ್ಸಕರು ಹೊರಡುವ ಮೊದಲೇ ಅವನ್ನು ಕೇಳಿ ಪಡೆಯುವುದು ಲೇಸು.

ಹಳಬರು ಹೋಗಿ ಹೊಸಬರು ದೊರೆಯುವ ನಡುವಣ ದಿನಗಳಲ್ಲಿ ಸಂಕಟ ಹೆಚ್ಚಿದರೆ 14416 ಸಂಖ್ಯೆಗೆ ಫೋನು ಮಾಡಬಹುದು. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಆರಂಭಿಸಿದ ‘ಟೆಲಿ-ಮಾನಸ್’ ಸೇವೆಯಿದು. ಶುಲ್ಕವಿಲ್ಲ, ಹಗಲಿರುಳೂ ತೆರೆದಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ಮಾರ್ಗದರ್ಶಕ ಸಂಸ್ಥೆ. ಸೇವೆಯ ಭಾಷೆಗಳಲ್ಲಿ ಕನ್ನಡವೂ ಒಂದು.

ಮನೆಯವರಲ್ಲಿ ಒಂದು ವಿನಂತಿ: ನಿಮ್ಮವರ ಚಿಕಿತ್ಸಕರು ಬದಲಾದರೆ, “ಇನ್ನು ಸಾಕು, ಗುಣವಾಯಿತಲ್ಲ” ಎನ್ನಬೇಡಿರಿ. ಹೊಸಬರ ಬಾಗಿಲವರೆಗೆ ಜೊತೆಯಲ್ಲಿ ನಡೆಯಿರಿ. ಒಳಗಿನ ಮಾತು ಅವರಿಗೇ ಇರಲಿ.